ಕರುಣಾಳಿಗೆ ಕಟ್ಟಿಸಿದ ಪರದೆ

ಹೋದ ವಾರ ಔರಾದದಲ್ಲಿ ನನ್ನ ತಂಗಿಯ ಮಗಳಿಗೆಂದೇ ಒಂದು ಪರದೆ ಕಟ್ಟಿದ್ದರು. ಹಸಿರು ಬಣ್ಣದ ದಪ್ಪ ಬಟ್ಟೆ. ಭಾಲ್ಕಿಯಿಂದ ತರಿಸಿದ್ದಂತೆ. ಬೇಕೆಂದು ಕೇಳಿದವರು ಯಾರು? ಯಾರೂ ಇಲ್ಲ!

ನಮ್ಮ ಸೀಮೆ ಹೈದರಾಬಾದು ಬಿಟ್ಟು ಮೈಸೂರು ರಾಜ್ಯ ಸೇರಿದ ಸಂತೋಷಕ್ಕೆ ಅಲ್ಲೊಂದು ಫಂಕ್ಷನ್ ಇತ್ತು. ಹಾಡುವ ಹುಡುಗಿಯೊಬ್ಬಳನ್ನು ಕರೆತನ್ನಿ ಎಂದು ಬೀದರದಲ್ಲಿ ಟೀಚರಾಗಿರುವ ನನಗೆ ಹೇಳಿಕಳಿಸಿದ್ದರು. ಹುಡುಕುವುದೇನು ಬಂತು? ಮನೆಯಲ್ಲೇ ಇದ್ದಾಳಲ್ಲ ಕರುಣಾ! ಹದಿನೈದರ ಹುಡುಗಿ. ಚರ್ಚಿನಲ್ಲಿ ಅವಳು ದನಿಯೆತ್ತಿದರೆ ತೂಕಡಿಸುವ ಹಿರಿಯರೂ ನೆಟ್ಟಗೆ ಕೂರುತ್ತಾರೆ. (ನಾನು ಹಾಡಿದರೆ ಮತ್ತೆ ತೂಕಡಿಸುತ್ತಾರೆ, ಆ ಮಾತು ಬೇರೆ.)

ಅವಳ ತಾಯಿ, ಅಂದರೆ ನನ್ನ ತಂಗಿ, ನರ್ಸ್ ಆಗಿದ್ದಳು. ತಂದೆ ಹೈದರಾಬಾದಿನ ಹಬಶಿ. ಅವನ ಹಿರಿಯರು ಆಫ್ರಿಕಾದಿಂದ ಬಂದು ನಿಜಾಮರ ಪಡೆ ಸೇರಿದವರು. ಇಬ್ಬರೂ ಈಗಿಲ್ಲ. ಹುಡುಗಿಗೆ ತಂದೆಯ ಬಣ್ಣ, ತಂದೆಯ ಗುಂಗುರು ಕೂದಲು. ರಸ್ತೆಯಲ್ಲಿ ಜನ ನಿಂತು ನೋಡುತ್ತಾರೆ. ಉರ್ದುವಿನಲ್ಲಿ ಮಾತಾಡಿಸುತ್ತಾರೆ. ಅವಳು ಅಚ್ಚ ಬೀದರ ಕನ್ನಡದಲ್ಲಿ ಉತ್ತರ ಕೊಟ್ಟರೆ ನಗುತ್ತಾರೆ. ನಗುವಂಥದ್ದೇನಿದೆ ಅದರಲ್ಲಿ?

ತಂದೆ ಹಬಶಿ ಎಂಬ ಸುದ್ದಿ ಔರಾದಕ್ಕೆ ನಮಗಿಂತ ಮೊದಲೇ ಮುಟ್ಟಿತ್ತು. ಹಬಶಿ ಎಂದರೆ ಮುಸಲ್ಮಾನ, ಮಗಳೂ ಹಾಗೇ ಎಂದು ಅವರೇ ತೀರ್ಮಾನಿಸಿದ್ದರು. ಫಂಕ್ಷನ್ನಿನ ಹಿರಿಯರಾದ ಬಸಪ್ಪನವರು ಪರದೆ ತೋರಿಸಿ ಹೆಮ್ಮೆಯಿಂದ ಹೇಳಿದರು: "ನೋಡ್ರಿ ಅಕ್ಕೋರ, ಗೋಷಾ ಮನಿ ಹುಡುಗಿ, ನಾಕ ಮಂದಿ ಗಂಡಸರ ಮುಂದ ಕೂಡಬಾರದು. ಅದಕ್ಕ ಕಟ್ಟಿಸೀವ್ರಿ. ಏನೂ ಫಿಕರ್ ಮಾಡಬ್ಯಾಡ್ರಿ."

ಆ ಮುಖದಲ್ಲಿ ಗೌರವವೇ ಇತ್ತು. ಸಿಟ್ಟು ಮಾಡುವುದಾದರೂ ಹೇಗೆ? "ಚರ್ಚಿನ್ಯಾಗ ಎಲ್ಲಾರ ಮುಂದ ನಿಂತು ಹಾಡೋ ಹುಡುಗಿರಿ ಇಕಿ. ತೆಗಿಸ್ರಿ ಅದನ್ನ" ಎಂದೆ.

ಕರುಣಾ ನನ್ನ ಸೆರಗು ಜಗ್ಗಿದಳು. "ಇರ್ಲಿ ಬಿಡು ದೊಡ್ಡವ್ವ. ಒಳಗ ಕುಂತ್ರ ಯಾರೂ ನನ್ನ ನೋಡಂಗಿಲ್ಲ."

ಒಬ್ಬಳೇ ಒಳಗೆ ಹೋಗಿ ಕೂತಳು. ಹಾಡಿದಳು. ಚಪ್ಪಾಳೆಯೋ ಚಪ್ಪಾಳೆ!

"ನಮ್ಮ ಕನ್ನಡದ ಮಗಳು ನೋಡ್ರಿ!" ಎಂದು ಬಸಪ್ಪನವರು ಸ್ಟೇಜಿನಿಂದ ಕೂಗಿದರು. "ಇನ್ನೊಂದು ಹಾಡವ್ವಾ!"

ಮಗಳು ಎಂದರಲ್ಲ, ಆ ಮಾತನ್ನು ಹುಡುಗಿ ನಂಬಿಬಿಟ್ಟಳು. ಪರದೆ ಸರಿಸಿ ಹೊರಗೆ ಬಂದು ನಿಂತಳು.

ಜನ ಕತ್ತು ಉದ್ದ ಮಾಡಿ ನೋಡಿದರು. ಮುಂದೆ ಕೂತಿದ್ದ ಮುದುಕಿಯೊಬ್ಬಳು ಗಟ್ಟಿಯಾಗಿಯೇ ಕೇಳಿದಳು: "ಯಾರ ಪೈಕಿ ಇಕಿ?" ಬಸಪ್ಪನವರು ಪರದೆಯ ಹಗ್ಗ ಸರಿಮಾಡತೊಡಗಿದರು. ಕರುಣಾ ಮೊದಲಿಗಿಂತ ಚೆನ್ನಾಗಿಯೇ ಹಾಡಿದಳು. (ದೊಡ್ಡವ್ವನಾಗಿ ಹೇಳುತ್ತಿಲ್ಲ, ಹಾರ್ಮೋನಿಯಂ ನುಡಿಸಿದವಳಾಗಿ ಹೇಳುತ್ತಿದ್ದೇನೆ.) ಚಪ್ಪಾಳೆ ತಟ್ಟಿದವರು? ಅಲ್ಲೊಬ್ಬರು, ಇಲ್ಲೊಬ್ಬರು.

ಈಗ ನಮಗೆಲ್ಲ ಒಂದೇ ಧ್ಯಾನ. ಯಾವ ಊರು ಯಾರದು? ಯಾವ ತಾಲೂಕು ಯಾವ ರಾಜ್ಯಕ್ಕೆ? ಕಲ್ಲು ಮಣ್ಣಿಗೂ ನಮ್ಮದು, ನಿಮ್ಮದು ಎಂದು ಗಂಟಲು ಹರಿದುಕೊಳ್ಳುತ್ತೇವೆ. ಎದುರಿಗೆ ನಿಂತ ಹುಡುಗಿಯನ್ನು ನಮ್ಮವಳು ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕರುಣಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬೀದರ ಹತ್ತಿರವಾದಾಗ ಮೆಲ್ಲಗೆ ಕೇಳಿದಳು: "ದೊಡ್ಡವ್ವ, ಎರಡನೇ ಹಾಡಿನ್ಯಾಗ ನಾ ಎಲ್ಲಿ ತಪ್ಪಿದೆ?"