ಸಂಪಿಗೆ ಹೊಟ್ಟೆಯ ಉಲಿಯಕ್ಕಿ

ಹಿಂದೂಪುರದ ಆನಂದಕುಮಾರರಿಗೆ ನವಿಲು ಕಂಡರೆ ಆಗುತ್ತಿರಲಿಲ್ಲ. ಕಂಡ ಕೂಡಲೇ ಅಂಗನವಾಡಿಯ ಮಗುವೂ ನವಿಲು ಎಂದುಬಿಡುವ ಹಕ್ಕಿಯನ್ನು ನೋಡಲು ದುರ್ಬೀನು ಏಕೆ, ಪುಸ್ತಕ ಏಕೆ, ಆ ಮಟ್ಟಿಗೆ ಆನಂದಕುಮಾರರೇ ಏಕೆ ಎಂಬುದು ಅವರ ತಕರಾರು. ಅವರ ಮನಸ್ಸೆಲ್ಲ ಉಲಿಯಕ್ಕಿಯ ಮೇಲೆ. ಗುಬ್ಬಿಗಿಂತಲೂ ಸಣ್ಣದು, ಒಣ ಮಣ್ಣಿನ ಬಣ್ಣ, ಪೊದೆಯೊಳಗೆ ತೂರಿಕೊಂಡು ಹುಳಹುಪ್ಪಟೆ ಹೆಕ್ಕುತ್ತ, ಟಕ್ ಟಕ್ ಎಂದು ಸದ್ದು ಮಾಡುತ್ತ, ಬಾಲದ ತುದಿಯನ್ನೂ ಹೊರಗೆ ತೋರಿಸದೆ ಕಾಲ ಕಳೆಯುವ ಹಕ್ಕಿ. ಅದನ್ನು ಕಂಡೆ ಎಂದರೆ ಹೌದು ಎನ್ನುವವರಿಲ್ಲ, ಅಲ್ಲ ಎನ್ನುವವರೂ ಇಲ್ಲ. ಇಂಥ ವಿದ್ಯೆ ಆನಂದಕುಮಾರರಿಗೆ ಬೇಗ ಒಗ್ಗಿತು.

ಮನೆತನದ ಕಸುಬು ನೇಯ್ಗೆ. ತಂದೆ ರಾಮಲಿಂಗಯ್ಯನವರ ಕಾಲಕ್ಕೆ ಮಗ್ಗ ಬಿಟ್ಟು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆ ಇಳಿದಿದ್ದರು. ಊರಾಚೆ ರಸ್ತೆ ಪಕ್ಕದಲ್ಲಿ ಬಣ್ಣದ ಶೆಡ್ಡು, ಅದರ ಹಿಂದೆ ಒಂದು ಹಳ್ಳ. ಆನಂದಕುಮಾರರ ಕೈಗೆ ವ್ಯವಹಾರ ಬಂದ ಮೇಲೆ ಶೆಡ್ಡು ದೊಡ್ಡದಾಯಿತು, ಹೆಸರೂ ದೊಡ್ಡದಾಯಿತು. ಅವರು ಹಾಕಿದ ಬಣ್ಣ ಬಿಡುವುದಿಲ್ಲ ಎಂದು ಸುತ್ತಲಿನ ಮಗ್ಗದವರೆಲ್ಲ ಒಪ್ಪುತ್ತಿದ್ದರು. ಅದು ಸತ್ಯವೂ ಆಗಿತ್ತು. ಅವರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದಕ್ಕೆ ದಾರಿ ಸುಗಮ.

ಸಕ್ಕರೆ ಕಾಯಿಲೆ ಬಂದು ಡಾಕ್ಟರು ಬೆಳಿಗ್ಗೆ ನಡೆಯಿರಿ ಎಂದಾಗ ಸುಮ್ಮನೆ ನಡೆಯುವುದು ಅವರಿಗೆ ಅವಮಾನವೆನಿಸಿತು. ಕೊರಳಿಗೆ ದುರ್ಬೀನು ಬಿತ್ತು. ಹಕ್ಕಿ ನೋಡುವುದಕ್ಕಿಂತ ಅದನ್ನು ಯಾವ ಕುಲಕ್ಕೆ ಸೇರಿಸಬೇಕೆಂಬ ಚರ್ಚೆಯೇ ಅವರಿಗೆ ಹೆಚ್ಚು ರುಚಿಸಿತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನೇಕಾರರ ಸಂಘದ ವಧೂವರರ ಸಮಾವೇಶದಲ್ಲಿ ಯಾವ ಮನೆ ಯಾವ ಒಳಪಂಗಡ, ಯಾರು ಯಾರಿಗೆ ಹೆಣ್ಣು ಕೊಡಬಹುದು, ಯಾರ ಅಜ್ಜಿ ಎಲ್ಲಿಂದ ಬಂದವಳು ಎಂದು ತೀರ್ಪು ಕೊಡುತ್ತಿದ್ದವರು ಅವರೇ. ಅವರ ದೆಸೆಯಿಂದ ಎಷ್ಟೋ ಮದುವೆಗಳು ನಿಂತಿದ್ದವು. ಹಕ್ಕಿಗಳ ಲೋಕದಲ್ಲೂ ಅಂಥದೇ ಸಂಘವಿದೆ, ಅಲ್ಲಿಯೂ ಪಂಗಡ ಬದಲಾಗುತ್ತದೆ ಎಂದು ತಿಳಿದಾಗ ಅವರಿಗೆ ತವರುಮನೆ ಸಿಕ್ಕಂತಾಯಿತು.

ಜಾಲಿ ಪೊದೆಗಳಿಗೆ ಚಳಿಗಾಲ ಕಳೆಯಲು ಬರುವ ಎರಡು ಉಲಿಯಕ್ಕಿಗಳ ಕಥೆಯನ್ನು ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಎರಡನ್ನೂ ಮೊದಲು ಒಂದೇ ಹಕ್ಕಿ ಎಂದುಕೊಂಡಿದ್ದರಂತೆ, ಆಮೇಲೆ ಬೇರೆ ಮಾಡಿದರಂತೆ. ಹಿಪೊಲೈಸ್ ಎಂಬ ಕುಲದಲ್ಲಿ ಇಟ್ಟಿದ್ದರಂತೆ, ರಕ್ತ ಪರೀಕ್ಷಿಸಿದ ಮೇಲೆ ಅಲ್ಲಿಂದ ಎಬ್ಬಿಸಿ ಇಡೂನ ಎಂಬ ಕುಲದಲ್ಲಿ ಕೂರಿಸಿದರಂತೆ. ಜೊಂಡಿನಲ್ಲಿರುವ ಅಕ್ರೊಸೆಫಾಲಸ್ ಕುಲದವರಿಗೆ ಇವರು ಹತ್ತಿರದ ನೆಂಟರಂತೆ. ಕೇಳುತ್ತಿದ್ದವರ ಕಾಫಿ ಆರಿಹೋಗುತ್ತಿತ್ತು.

"ಆ ಹಕ್ಕಿಗಳ್ಗೆ ಇದೆಲ್ಲಾ ಗೊತ್ತೇನ್ರೀ?" ಎಂದು ಹೆಂಡತಿ ಯಶೋದಾ ಒಮ್ಮೆ ಕೇಳಿದರು.

"ಅವಕ್ಯಾಕೆ ಗೊತ್ತಿರ್ಬೇಕು? ನಮ್ಗೆ ಗೊತ್ತಿದ್ರೆ ಸಾಕು ಕಣೇ," ಎಂದರು ಆನಂದಕುಮಾರ್.

ಅವರಿಗೆ ಒಬ್ಬನೇ ಒಬ್ಬ ಪ್ರತಿಸ್ಪರ್ಧಿ, ಕಲ್ಯಾಣದುರ್ಗದ ಸಿದ್ದಲಿಂಗೇಶ್. ಕಡಲೆಕಾಯಿ ವ್ಯಾಪಾರಿ, ವಯಸ್ಸಿನಲ್ಲಿ ಚಿಕ್ಕವನು, ಹಣೆಯಲ್ಲಿ ವಿಭೂತಿ, ನಾಲಿಗೆಯಲ್ಲಿ ಖಾರ. ಜಿಲ್ಲೆ ಒಡೆದು ಇಬ್ಬರ ಊರೂ ಬೇರೆ ಬೇರೆ ಜಿಲ್ಲೆಗೆ ಸೇರಿದರೂ ಹಕ್ಕಿಯವರ ವಾಟ್ಸಾಪ್ ಗುಂಪು ಒಂದೇ ಉಳಿದಿತ್ತು. ಇವರು ಬೆಳಿಗ್ಗೆ ಹಿಂದೂಪುರದ ಪೊದೆಯಲ್ಲಿ ಒಂದು ಕಂದು ಚುಕ್ಕೆಯ ಫೋಟೋ ಹಾಕಿ ಅದಕ್ಕೆ ಕುಲಗೋತ್ರ ಹೇಳಿದರೆ, ಅವನು ಮಧ್ಯಾಹ್ನದೊಳಗೆ ತನ್ನೂರ ಹತ್ತಿರದ ಕುಂದುರ್ಪಿ ಕಡೆಯ ಪೊದೆಯಿಂದ ಇನ್ನೊಂದು ಕಂದು ಚುಕ್ಕೆ ಹಾಕಿ ಅದು ತಪ್ಪೆನ್ನುತ್ತಿದ್ದ. ಎರಡು ಚುಕ್ಕೆಗಳಿಗೂ ನಡುವೆ ಇದ್ದ ವ್ಯತ್ಯಾಸ ಅವರಿಬ್ಬರಿಗೆ ಬಿಟ್ಟು ಮತ್ತಾರಿಗೂ ಕಾಣುತ್ತಿರಲಿಲ್ಲ.

ಆನಂದಕುಮಾರರಿಗೆ ಒಳಗೊಳಗೇ ಒಂದು ಆಸೆ ಬೇರೂರಿತ್ತು. ಹೊಸ ಹಕ್ಕಿಯೊಂದು ಸಿಕ್ಕರೆ ಅದಕ್ಕೆ ತನ್ನ ಹೆಸರಿಡಿಸಬೇಕು. ಸಂಘದ ಅಧ್ಯಕ್ಷರ ಹೆಸರು ಕಲ್ಯಾಣಮಂಟಪದ ಕಲ್ಲಿನ ಮೇಲಿರುತ್ತದೆ, ಮಂಟಪ ಒಡೆದರೆ ಮುಗಿಯಿತು. ಹಕ್ಕಿಗೆ ಇಟ್ಟ ಹೆಸರನ್ನು ಯಾರೂ ಒಡೆಯಲಾರರು, ಪರದೇಶದವರೂ ಬಾಯಿತುಂಬ ಹೇಳಬೇಕಾಗುತ್ತದೆ. ಹೆಸರು ಹೇಗಿರಬೇಕೆಂಬುದನ್ನೂ ಅವರು ಆಗಲೇ ಗೊತ್ತು ಮಾಡಿಕೊಂಡಿದ್ದರು, ಅಕ್ರೊಸೆಫಾಲಸ್ ಆನಂದಕುಮಾರಿ.

"ಆನಂದಕುಮಾರಿ ಅಂದ್ರೆ ಹೆಂಗಸ್ರ ಹೆಸ್ರಲ್ವೇನ್ರೀ," ಎಂದರು ಯಶೋದಾ.

"ಅದು ಲ್ಯಾಟಿನ್ನು. ನಿಂಗೆ ತಿಳಿಯಾಕಿಲ್ಲ."

ಹಕ್ಕಿ ಸಿಕ್ಕಿತು. ಎಲ್ಲಿ ಎಂದರೆ ಶೆಡ್ಡಿನ ಹಿಂದಿನ ಹಳ್ಳದಲ್ಲೇ, ಆಳೆತ್ತರ ಬೆಳೆದ ಜೊಂಡಿನೊಳಗೆ. ಈ ಹಳ್ಳದ ವಿಷಯವಾಗಿ ಒಂದು ಮಾತು ಹೇಳಬೇಕು. ಶೆಡ್ಡಿನ ಆಫೀಸಿನಲ್ಲಿ ಕೂತಾಗ ಆನಂದಕುಮಾರ್ ಅದನ್ನು ಮೋರಿ ಎನ್ನುತ್ತಿದ್ದರು. ದುರ್ಬೀನು ಹಾಕಿಕೊಂಡಾಗ ಅದೇ ಜಾಗ ಜೌಗುಪ್ರದೇಶವಾಗುತ್ತಿತ್ತು. ಬಣ್ಣದ ತೊಟ್ಟಿಗಳ ನೀರು ಪೈಪಿನಲ್ಲಿ ಹರಿದು ಮೋರಿಗೆ ಬೀಳುತ್ತಿತ್ತು. ಪೈಪು ಹಾಕಿಸಿದವರು ಅವರೇ. ಆ ನೀರು ಜೌಗುಪ್ರದೇಶಕ್ಕೂ ಬೀಳುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಎರಡನ್ನೂ ಅವರು ಬೇರೆ ಬೇರೆ ಕುಲದಲ್ಲಿ ಇಟ್ಟಿದ್ದರು.

ಅಂದು ಜೊಂಡಿನ ಬುಡದಲ್ಲಿ ಟಕ್ ಎಂದದ್ದು ಒಂದು ಗಳಿಗೆ ಬಿಸಿಲಿಗೆ ಬಂತು. ಬೆನ್ನು ಮಾಮೂಲಿನಂತೆ ಕಂದು. ಹೊಟ್ಟೆ ಮಾತ್ರ ಹಳದಿ. ಅಂಥಿಂಥ ಹಳದಿಯಲ್ಲ, ಸಂಪಿಗೆ. ಯಾವ ಪುಸ್ತಕದಲ್ಲೂ ಜೊಂಡಿನ ಉಲಿಯಕ್ಕಿಗೆ ಸಂಪಿಗೆ ಬಣ್ಣದ ಹೊಟ್ಟೆ ಇರಲಿಲ್ಲ. ಆನಂದಕುಮಾರ್ ಶೆಡ್ಡಿಗೆ ಓಡಿ ತಮ್ಮ ಶೇಡ್ ಕಾರ್ಡ್ ತಂದರು. ಯಾವ ಬಣ್ಣ ಬೇಕೆಂದು ಮಗ್ಗದವರು ಬೆರಳಿಟ್ಟು ತೋರಿಸಲೆಂದು ನೂಲಿನ ತುಣುಕುಗಳನ್ನು ಸಾಲಾಗಿ ಅಂಟಿಸಿದ ಕಾರ್ಡ್ ಅದು. ಜೊಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಕ್ಕಿ ಮತ್ತೆ ಹಣಕಿದಾಗ ಕಾರ್ಡನ್ನು ಬಿಸಿಲಿಗೆ ಹಿಡಿದು ತಾಳೆ ನೋಡಿದರು. ತಮ್ಮ ಸಂಪಿಗೆಗೂ ಹಕ್ಕಿಯ ಸಂಪಿಗೆಗೂ ಒಂದು ಎಳೆಯಷ್ಟೂ ಭೇದವಿರಲಿಲ್ಲ. ಪ್ರಕೃತಿ ಇಷ್ಟು ಕರಾರುವಾಕ್ಕಾಗಿ ಬಣ್ಣ ಕಟ್ಟುತ್ತದೆಯೇ ಎಂದು ಅವರ ಕಣ್ಣಲ್ಲಿ ನೀರು ಬಂತು. ಆ ಮದುವೆ ಕಾಲದಲ್ಲಿ ಎಲ್ಲರೂ ಸಂಪಿಗೆ ಬಣ್ಣದ ಸೀರೆಯನ್ನೇ ಕೇಳುತ್ತಿದ್ದರು, ಶೆಡ್ಡಿನ ತೊಟ್ಟಿಗಳಲ್ಲಿ ಬೇರೆ ಬಣ್ಣ ಕುದ್ದಿರಲೇ ಇಲ್ಲ ಎಂಬ ಸಂಗತಿ ತಲೆಯಲ್ಲಿದ್ದೂ ಬಾಯಿಗೆ ಬರಲಿಲ್ಲ.

ಕಾರ್ಡ್ ತಾಳೆಯಾದ ಕಥೆಯನ್ನೂ ಇಡಬೇಕಾದ ಹೆಸರನ್ನೂ ಆನಂದಕುಮಾರ್ ಹಕ್ಕಿಯವರ ಗುಂಪಿನಲ್ಲಿ ಸಾರಿದರು. ಅವರು ಕರೆಸಿದ್ದಕ್ಕೆ ಬೆಂಗಳೂರಿನಿಂದ ಸ್ನೇಹಲತಾ ಬಂದರು. ಹಕ್ಕಿಗಳ ಬಗ್ಗೆ ಸಂಶೋಧನೆ ಮಾಡುವ ಹೆಂಗಸು. ಸರ್ಕಾರದ ಅನುಮತಿ ಪಡೆದು, ಜೇಡರ ಬಲೆಯಂಥ ತೆಳ್ಳನೆಯ ಬಲೆ ಕಟ್ಟಿ, ಹಕ್ಕಿ ಹಿಡಿದು, ಅಳತೆ ತೆಗೆದು ಬಿಟ್ಟುಬಿಡುವ ಕೆಲಸ ಅವರದು. ಕರೆಯದಿದ್ದರೂ ಸಿದ್ದಲಿಂಗೇಶ್ ಕಲ್ಯಾಣದುರ್ಗದಿಂದ ಮೊದಲ ಬಸ್ಸಿಗೇ ಬಂದಿಳಿದ.

"ಏಂ ಅಣ್ಣಾ, ಹಕ್ಕಿಗೆ ನಾಮಕರಣವಂತೆ. ತೊಟ್ಲು ತರ್ಬೇಕಿತ್ತಾ?"

"ನೀನು ಸುಮ್ನೆ ನಿಂತ್ಕಂಡು ನೋಡಪ್ಪ, ಸಾಕು," ಎಂದರು ಆನಂದಕುಮಾರ್.

ಬಲೆಗೆ ಸಂಪಿಗೆ ಹೊಟ್ಟೆಯದು ಬಿತ್ತು. ಸ್ನೇಹಲತಾ ಅದನ್ನು ಎರಡು ಬೆರಳ ನಡುವೆ ಹಗುರಾಗಿ ಹಿಡಿದು ಕೊಕ್ಕು ನೋಡಿದರು, ರೆಕ್ಕೆ ಬಿಡಿಸಿ ಒಂದೊಂದು ಗರಿಯನ್ನೂ ಅಳೆದರು.

"ಇದು ಬ್ಲೈತ್ ಅನ್ನೋರ ಹೆಸರಿನ ಜೊಂಡು ಉಲಿಯಕ್ಕಿ, ಸರ್. ಪ್ರತಿ ಚಳಿಗಾಲ ಬರುತ್ತಲ್ಲ, ಅದೇ. ಹೊಟ್ಟೆಗೆ ಏನೋ ಹತ್ತಿದೆ ಅಷ್ಟೇ."

ಆನಂದಕುಮಾರ್ ನಕ್ಕರು. ಬಣ್ಣದ ವಿಷಯದಲ್ಲಿ ತನಗೆ ಪಾಠ ಹೇಳುತ್ತಾಳಲ್ಲ ಎಂದು ನಗೆ ಬಂತು. ಸೀರೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡಲು ಬಿಳಿ ಬಟ್ಟೆ ಒದ್ದೆ ಮಾಡಿ ಅಂಚಿನ ಮೇಲೆ ಉಜ್ಜುವುದು ಅಂಗಡಿಗಳ ರೂಢಿ. ಅವರು ಜೇಬಿನ ಕರವಸ್ತ್ರವನ್ನು ನೀರಲ್ಲಿ ಅದ್ದಿ ಸ್ನೇಹಲತಾರ ಕೈಗೆ ಕೊಟ್ಟರು.

"ಉಜ್ಜಿ ನೋಡಿ ಮೇಡಂ. ಹತ್ತಿದ್ ಬಣ್ಣವಾದ್ರೆ ಬಿಡ್ತದೆ, ಹುಟ್ಟಿದ್ ಬಣ್ಣವಾದ್ರೆ ನಿಲ್ತದೆ."

ಸ್ನೇಹಲತಾ ಮೆಲ್ಲಗೆ ಒರೆಸಿದರು. ಕರವಸ್ತ್ರ ಬೆಳ್ಳಗೇ ಉಳಿಯಿತು. ಆನಂದಕುಮಾರರ ಎದೆ ಉಬ್ಬಿತು. ಗೆದ್ದೆ ಎಂದೇ ಅವರು ತಿಳಿದರು. ಸಿದ್ದಲಿಂಗೇಶನ ಮುಖ ಬಾಡಿದ್ದನ್ನು ಆಸೆಯಿಂದ ನೋಡಿದರು. ಹೆಸರಿನ ಲ್ಯಾಟಿನ್ ರೂಪವನ್ನು ಸ್ನೇಹಲತಾರಿಗೆ ಬರೆದುಕೊಡಲು ಪೆನ್ನು ಹುಡುಕತೊಡಗಿದರು.

ಅಷ್ಟರಲ್ಲಿ ಬಲೆಗೆ ಇನ್ನೊಂದು ಬಿತ್ತು. ಅದು ಟುವ್ವಿ ಹಕ್ಕಿ, ಎಲೆ ಹೊಲಿದು ಗೂಡು ಕಟ್ಟುತ್ತದಲ್ಲ, ಅದು. ಅದರ ಹೊಟ್ಟೆಯೂ ಸಂಪಿಗೆ. ಆಮೇಲೆ ಕಾಳು ತಿನ್ನುವ ಪುಟ್ಟ ರಾಟವಾಳ ಹಕ್ಕಿ ಬಿತ್ತು, ಅದಕ್ಕೂ ಎದೆಯಿಂದ ಕೆಳಗೆ ಸಂಪಿಗೆ. ಕೊನೆಗೆ ಊರಿನ ಗುಬ್ಬಿಯೊಂದು ಬಂದು ಸಿಕ್ಕಿಕೊಂಡಿತು. ಮೈತುಂಬ ಮಿಂದಿತ್ತೇನೋ, ಕಾಲಿನಿಂದ ಕತ್ತಿನವರೆಗೂ ಮದುವೆ ಸೀರೆ ಉಟ್ಟಂತಿತ್ತು.

"ಅಣ್ಣಾ, ಇವೆಲ್ಲಾ ಆನಂದಕುಮಾರಿಗಳೇನಾ?" ಎಂದ ಸಿದ್ದಲಿಂಗೇಶ್. "ನಿಮ್ಮ ಕಾರ್ಡಿನ ಸಂಪಿಗೆಗೆ ಇಷ್ಟು ಸರಿಯಾಗಿ ಕೂತದಲ್ಲಾ, ಹೆಂಗೆ ಅಂತ ಒಂದ್ಸಲಾನಾದ್ರೂ ಯೋಚ್ನೆ ಮಾಡಿದ್ರಾ?"

ಸ್ನೇಹಲತಾ ನಗಲಿಲ್ಲ. "ಗರಿಯೂ ರೇಷ್ಮೆಯ ಹಾಗೇ ಪ್ರೋಟೀನು, ಸರ್. ರೇಷ್ಮೆಗೆ ಹಿಡಿಯೋ ಬಣ್ಣ ಗರಿಗೂ ಹಿಡಿಯುತ್ತೆ. ಒಳ್ಳೇ ಬಣ್ಣವಾದರೆ ಬಿಡೋದೂ ಇಲ್ಲ." ಹಳ್ಳದ ನೀರಿಗೆ ಬಗ್ಗಿ ನೋಡಿ ಕೇಳಿದರು, "ಇಲ್ಲಿಗೆ ಬರೋದು ಯಾರ ನೀರು?"

ಆನಂದಕುಮಾರರಿಗೆ ಹೇಳಲು ಇದ್ದದ್ದು ಎರಡೇ ಮಾತು. ನಮ್ಮದಲ್ಲ ಎಂದರೆ, ಇಷ್ಟು ಗಟ್ಟಿ ಸಂಪಿಗೆ ಸುತ್ತಮುತ್ತ ಇನ್ನಾರಿಗೂ ಬರುವುದಿಲ್ಲ ಎಂದು ತಾವೇ ಊರೆಲ್ಲ ಸಾರಿದ್ದರು. ನಮ್ಮದು ಎಂದರೆ ಹಕ್ಕಿಯೂ ಹೋಯಿತು, ಹೆಸರೂ ಹೋಯಿತು.

ಸ್ನೇಹಲತಾ ಉಲಿಯಕ್ಕಿಯನ್ನು ಅವರ ಅಂಗೈಯಲ್ಲಿಟ್ಟು, ನೀವೇ ಬಿಟ್ಟುಬಿಡಿ ಎಂದರು. ವರ್ಷಗಟ್ಟಲೆ ಉಲಿಯಕ್ಕಿಯ ಕುಲ ಹೇಳಿದ್ದ ಆನಂದಕುಮಾರ್ ಅದನ್ನು ಮುಟ್ಟಿದ್ದು ಅದೇ ಮೊದಲು. ಅದಕ್ಕೆ ತೂಕವೆಂಬುದೇ ಇರಲಿಲ್ಲ. ಅದರ ಎದೆ ಮಾತ್ರ ಲೆಕ್ಕವಿಲ್ಲದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು. ಎಲ್ಲೋ ಉತ್ತರದ ಕಾಡಿನಿಂದ ಬೆಟ್ಟ ದಾಟಿ ಬಂದ ಜೀವ, ಬಂದು ತನ್ನ ತೊಟ್ಟಿಯ ಕೊಚ್ಚೆಯಲ್ಲಿ ಸ್ನಾನ ಮಾಡಿದೆ ಎಂದು ಅವರಿಗೆ ಅನ್ನಿಸಿತು. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು. ಹಕ್ಕಿ ಹಾರಿ ಜೊಂಡಿನೊಳಗೆ ನುಸುಳಿದ ಮೇಲೂ ಅಂಗೈ ಹಾಗೇ ಚಾಚಿಕೊಂಡು ನಿಂತಿದ್ದರು. ಬಲೆ ಬಿಚ್ಚಿ ಮಡಿಸುವಷ್ಟು ಹೊತ್ತು ಆ ನಾಚಿಕೆ ಇತ್ತು, ಆಮೇಲೆ ಬುದ್ಧಿ ಓಡತೊಡಗಿತು.

ಸ್ನೇಹಲತಾ ಕಾರು ಹತ್ತುವಾಗ ಅವರ ಹಿಂದೆಯೇ ಹೋದರು.

"ಮೇಡಂ, ನೀವು ಇದನ್ನ ಎಲ್ಲಾದ್ರೂ ಬರೀತೀರಾ?"

"ಬರೀಲೇಬೇಕು ಸರ್. ನೀರಿನ ಸ್ಯಾಂಪಲ್ಲೂ ತಗೊಂಡಿದೀನಿ. ಮೊದಲು ಕಂಡವರು ನೀವು, ನಿಮ್ಮ ಹೆಸರು ಹಾಕ್ತೀನಿ."

"ಬ್ಯಾಡ ಮೇಡಂ. ಹೆಸ್ರು ಮಾತ್ರ ಹಾಕ್ಬ್ಯಾಡಿ." ಆನಂದಕುಮಾರ್ ಕೈ ಮುಗಿದರು. "ಯಾರೋ ಒಬ್ರು ಅಂತ ಬರೀರಿ. ನಿಮ್ಮ ತಂದೆ ಸಮಾನ ಅನ್ಕಳಿ ನನ್ನ."

ಮನೆಗೆ ಬಂದು ಊಟಕ್ಕೆ ಕೂತವರು ತಲೆ ಎತ್ತಲಿಲ್ಲ. ಸಿದ್ದಲಿಂಗೇಶ್ ಆಗಲೇ ಗುಂಪಿನಲ್ಲಿ ಗುಬ್ಬಿಯ ಫೋಟೋ ಹಾಕಿ ಎಲ್ಲರಿಗೂ ಮದುವೆಯ ಕರೆಯೋಲೆ ಕೊಟ್ಟಿದ್ದ. ಯಶೋದಾ ಫೋನು ನೋಡಿದ್ದರು.

"ಆ ಜೊಂಡು ಇದ್ರೆ ತಾನೇ ಹಕ್ಕಿ ಬರಾದು," ಎಂದರು ಆನಂದಕುಮಾರ್. "ನಾಳೀಕೆ ಜೆಸಿಬಿ ಕರ್ಸಿ ಪೂರ್ತಿ ಕಿತ್ತಾಕಿಸ್ಬುಡ್ತೀನಿ."

"ಹಕ್ಕಿ ಎಲ್ಲಿಗ್ರೀ ಹೋಯ್ತವೆ?"

"ವಲಸೆ ಹಕ್ಕಿ ಕಣೇ. ಹೆಂಗಿದ್ರೂ ಹೋಗವೇ."

"ಹಕ್ಕಿ ಹೋಯ್ತವೆ ಬುಡಿ. ನೀರು?" ಎಂದು ಯಶೋದಾ ಕೇಳಿದರು. "ಕೆಳ್ಗಡೆ ಕೇರಿಯೋರು ಅದ್ರಲ್ಲೇ ದನ ತೊಳೀತಾರೆ. ಅವ್ರು ವಲಸೆ ಹೋಗವ್ರಲ್ಲ."

ಆನಂದಕುಮಾರ್ ಇನ್ನೊಂದು ಚಪಾತಿ ಕೇಳಿದರು.

ಜೆಸಿಬಿ ಬಂತು. ಮಧ್ಯಾಹ್ನದೊಳಗೆ ಜೊಂಡೆಲ್ಲ ಬೇರು ಸಮೇತ ದಡಕ್ಕೆ ಬಿತ್ತು. ಆನಂದಕುಮಾರ್ ಹೊಸ ಗುದ್ದಲಿ ಹಿಡಿದು ಸ್ವಚ್ಛತೆಯ ಹೆಸರಿನಲ್ಲಿ ಫೋಟೋ ತೆಗೆಸಿಕೊಂಡು ಸಂಘದ ಗುಂಪಿಗೆ ಕಳಿಸಿದರು, ತುಂಬ ಜನ ಚಪ್ಪಾಳೆ ಒತ್ತಿದರು. ಹಕ್ಕಿಯವರ ಗುಂಪಿಗೆ ಮಾತ್ರ, ಈ ಭಾಗದಲ್ಲಿ ಉಲಿಯಕ್ಕಿಗಳು ಕಾಣೆಯಾಗುತ್ತಿವೆ, ಹವಾಮಾನ ಕೆಟ್ಟಿರುವುದೇ ಕಾರಣವಿರಬಹುದು ಎಂದು ಬರೆದರು. ಆ ರಾತ್ರಿ ಅವರಿಗೆ ನೆಮ್ಮದಿಯ ನಿದ್ದೆ ಬಂತು.

ಆ ಜೊಂಡು ಉಲಿಯಕ್ಕಿಯನ್ನಷ್ಟೇ ಅಲ್ಲ, ಇನ್ನೂ ಏನೇನನ್ನೋ ಬಚ್ಚಿಟ್ಟುಕೊಂಡಿತ್ತು ಎಂಬುದು ಅವರಿಗೆ ಬೆಳಿಗ್ಗೆ ಬಸ್ಸುಗಳು ಓಡಲು ಶುರುವಾದ ಮೇಲೆ ತಿಳಿಯಿತು. ರಸ್ತೆಯ ತಿರುವಿನಿಂದ ಶೆಡ್ಡಿನ ಹಿಂಭಾಗ ಈಗ ಬಯಲಿನಂತೆ ತೆರೆದುಕೊಂಡಿತ್ತು. ಕಿಟಕಿ ಪಕ್ಕ ಕೂತ ಪ್ರತಿಯೊಬ್ಬನಿಗೂ ಮೊದಲು ಹಳದಿ ನೀರು ಕಾಣುತ್ತಿತ್ತು, ಆಮೇಲೆ ಅದನ್ನು ಸುರಿಸುತ್ತಿದ್ದ ಪೈಪು, ಪೈಪಿನ ಮೇಲಿನ ಗೋಡೆಯಲ್ಲಿ ಆಳೆತ್ತರದ ಅಕ್ಷರಗಳಲ್ಲಿ ಆನಂದಕುಮಾರರ ಹೆಸರು, ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.