ಬಾನೆಟ್ಟಿನ ಮೇಲಿನ ಅಂಗೈ

ಆ ದಿನ ಅವನು ಕಾರಿನ ಬಾನೆಟ್ಟನ್ನು ತಗಡು ಕಾಣುವ ತನಕ ಮರಳುಕಾಗದದಲ್ಲಿ ಉಜ್ಜಿ, ಒರೆಸಿ, ನೀರು ಕುಡಿಯಲು ಒಳಗೆ ಹೋಗಿದ್ದ. ಅಷ್ಟರಲ್ಲಿ ಅವನ ತಾಯಿ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಮಗ ಕೊಂಡ ಮೊದಲ ಕಾರು, ಹಳೆಯದಾದರೇನು. ಹಸುವಿನ ಬೆನ್ನು ತಟ್ಟುವ ಹಾಗೆ ಬಾನೆಟ್ಟನ್ನು ತಟ್ಟಿ ಕುರ್ಚಿಯಲ್ಲಿ ಕೂತಳು.

ಕಾರಿನ ಉಳಿದ ಕಡೆಗೆಲ್ಲ ಬಣ್ಣಕ್ಕೆ ಮೊದಲು ಹಾಕುವ ಪ್ರೈಮರ್ ಆಗಲೇ ಹೊಡೆದಿದ್ದ; ಈಗ ಬಂದು ಬಾನೆಟ್ಟಿಗೂ ಹೊಡೆದ. ಬೂದು ಬಣ್ಣ ಎಲ್ಲ ಕಡೆ ನುಣ್ಣಗೆ ಕೂತಿತು. ಒಂದು ಕಡೆ ಮಾತ್ರ ಸಿಡುಬಿನ ಮುಖದ ಹಾಗೆ ತೂತು ತೂತಾಗಿ ಬಿಟ್ಟುಕೊಂಡಿತು. ನೋಡಿದರೆ ಅಂಗೈ ಅಚ್ಚು, ಐದು ಬೆರಳು.

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಕಣಪ್ಪ. ಮುಟ್ಟಬಾರದಿತ್ತಾ?"

"ನಾನು ಚಿಕ್ಕವನಿದ್ದಾಗ ನೀನು ಬೆನ್ನಿಗೆ ಕೊಟ್ಟ ಏಟಿನ ಗುರುತೇ ಇನ್ನೂ ಹೋಗಿಲ್ಲ. ಇದು ಹೋಗುತ್ತಾ?"

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ನಾಳೆ ಕೆಲಸದಿಂದ ಬಂದು ಸರಿ ಮಾಡ್ತೀನಿ ಅಂದ.

ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಎದೆ ಹಿಡಿದುಕೊಂಡ. ಅಷ್ಟೇ.

ಅಂಗಳ ಇಕ್ಕಟ್ಟು. ಕಾರು ಅಡ್ಡ ನಿಂತಿದ್ದರಿಂದ ಮನೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಅವನನ್ನು ಒಳಗೆ ತರಲಾಗಲಿಲ್ಲ. ಬೀದಿಯಲ್ಲೇ ಮಲಗಿಸಿದರು.

ಅವನ ತಾಯಿ ಕಿಟಕಿ ಹಿಡಿದು ಕೂತಳು. "ನನ್ನ ಕೈ ತಾಗಿದ್ದಕ್ಕೇ ಹೀಗಾಯ್ತು" ಅಂದಳು. ಆಮೇಲೆ ಆ ಕೈಯಲ್ಲಿ ತುತ್ತು ಎತ್ತಲಿಲ್ಲ. ಸೊಸೆ ತಿನ್ನಿಸಿದರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಮುದುಕಿ ದಿನೇ ದಿನೇ ಕಡ್ಡಿಯಾದಳು. ಆ ಗುರುತು ಹೋದರೆ ಇವಳು ಉಳಿದಾಳು ಅಂತ ಸೊಸೆಗೆ ಅನಿಸಿತು.

ಬಾನೆಟ್ಟಿನ ಆ ಜಾಗವನ್ನು ಉಜ್ಜಿದಳು. ಉಳಿದಿದ್ದ ಪ್ರೈಮರ್ ಡಬ್ಬಿ ಅಲ್ಲಾಡಿಸಿ ಹೊಡೆದಳು. ತೂತು ಮತ್ತೆ ಎದ್ದವು.

"ಮತ್ತೆ ಬಂತಾ?" ಅಂತ ಕಿಟಕಿ ಕೇಳಿತು.

"ಬಂತು."

ಇನ್ನೂ ಗಟ್ಟಿಯಾಗಿ ಉಜ್ಜಿದಳು. ಅಂಗೈ ಅಗಲವಾಯಿತೇ ಹೊರತು ಹೋಗಲಿಲ್ಲ. ಬೆಡ್‌ಶೀಟು ಮುಚ್ಚಿದಳು. "ಮುಚ್ಚಿದರೆ ಹೋಗುತ್ತೇನೇ?" ಅಂದಳು ಅತ್ತೆ.

ಬೀದಿ ಕೊನೆಯ ಪೇಂಟರ್, ಗಂಡನ ಗೆಳೆಯ, ಕಾಂಪೌಂಡಿನಿಂದ ಇಣುಕಿದ. "ಏನತ್ತಿಗೆ, ಕಾರು ಸವೆಸಿ ಚಮಚ ಮಾಡ್ತೀರಾ?" ಅವಳು ನಗಲಿಲ್ಲ. ಅವನು ಒಳಗೆ ಬಂದು ನೋಡಿದ.

"ಎಣ್ಣೆ ತಾಗಿದ ಕಡೆ ಮೊದಲು ಉಜ್ಜಬಾರದು ಅತ್ತಿಗೆ. ಎಣ್ಣೆ ಗೀರಿನೊಳಗೆ ಇಳಿಯುತ್ತೆ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಬಾನೆಟ್ಟಿನ ಪ್ರೈಮರ್ ಪೂರ್ತಿ ಕರಗಿಸಿ ತೆಗೀರಿ. ಥಿನ್ನರ್ ಆರೋದರೊಳಗೆ ಕರಗಿದ ಎಣ್ಣೆನ ಒಣ ಬಟ್ಟೆಯಲ್ಲಿ ಎತ್ತಿ. ಪ್ರತಿ ಸಲ ಹೊಸ ಬಟ್ಟೆ. ಉಜ್ಜೋದು ಆಮೇಲೆ. ನಾನೇ ಮಾಡಿಕೊಡ್ಲಾ?"

"ಬೇಡ."

ಬಟ್ಟೆಗೆ ಗಂಡನ ಬನಿಯನ್ನುಗಳಿದ್ದವು. ಕಣ್ಣು ಉರಿಯುವ ತನಕ ಒರೆಸಿದಳು. ತಗಡು ಕಂಡಿತು. ಆಮೇಲೆ ಉಜ್ಜಿ, ಪ್ರೈಮರ್ ಹೊಡೆದು ಕಾದಳು. ನುಣ್ಣಗೆ ಕೂತಿತು.

ಅತ್ತೆ ಹೊರಗೆ ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದಳು. ಮಧ್ಯಾಹ್ನ ತಾನೇ ಕಲಸಿಕೊಂಡು ಉಂಡಳು. ತಟ್ಟೆ ಖಾಲಿಯಾದ ಮೇಲೆ ಕೇಳಿದಳು:

"ಅಲ್ಲಿ ಅವನು ಹೊಡೆದಿದ್ದೂ ಹೋಯ್ತಲ್ವಾ?"

"ಬಾನೆಟ್ಟಿಂದು ಹೋಯ್ತು. ಕಾರಿನ ಬಾಗಿಲು, ಮೇಲುಗಡೆ ಎಲ್ಲ ಅವರು ಹೊಡೆದಿದ್ದೇ ಇದೆ."

"ಹಾಗಾದರೆ ಅದರ ಮೇಲೆ ಯಾರೂ ಬಣ್ಣ ಬಳಿಯೋದು ಬೇಡ. ಇರಲಿ."

ಪೇಂಟರಿಗೆ ಹೇಳಿದರೆ ತಲೆ ಚಚ್ಚಿಕೊಂಡ. "ಪ್ರೈಮರ್ ಅಂದರೆ ಒಳಂಗಿ. ನೀರು ಕುಡಿಯುತ್ತೆ. ಹಾಗೇ ಬಿಟ್ಟರೆ ಅಡಿಯಲ್ಲಿ ತುಕ್ಕು ತಿನ್ನುತ್ತೆ. ಬಣ್ಣ ಹಾಕಿ ಮಾರಿಬಿಡಿ, ಮನೆ ಬಾಗಿಲಾದರೂ ಪೂರ್ತಿ ತೆರೆಯಲಿ."

ಬಣ್ಣ ಹಾಕಿಸಿದರೆ ಮುದುಕಿ ಮತ್ತೆ ತುತ್ತು ಬಿಡುತ್ತಾಳೆ. ಹಾಕಿಸದಿದ್ದರೆ ಕಾರು ಕೊಳೆಯುತ್ತದೆ, ಜಾಗ ಬಿಟ್ಟು ಕದಲುವುದೂ ಇಲ್ಲ. ಉಗುಳುವಂತಿಲ್ಲ, ನುಂಗುವಂತಿಲ್ಲ. ಸೊಸೆಗೇನು ಬೇಕು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳಿಗೇ ಗೊತ್ತಿರಲಿಲ್ಲ.

ಈಗಲೂ ಬೆಳಿಗ್ಗೆ ಎದ್ದವಳೇ ಅರ್ಧ ಬಾಗಿಲಲ್ಲಿ ಅಡ್ಡಡ್ಡ ತೂರಿಕೊಂಡು ಅಂಗಳಕ್ಕೆ ಬರುತ್ತಾಳೆ. ಕಾರಿನ ಮೇಲೆ ಬಿದ್ದ ಇಬ್ಬನಿಯನ್ನು ಒಣ ಬಟ್ಟೆಯಲ್ಲಿ ಒರೆಸುತ್ತಾಳೆ. ಮೊದಲು ಮೇಲುಗಡೆ, ಆಮೇಲೆ ಕಾರಿನ ಬಾಗಿಲು. ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ಮೂಡಿದೆ. ಅಲ್ಲಿ ಬಟ್ಟೆ ಎಳೆಯುವುದಿಲ್ಲ, ಒತ್ತಿ ಒತ್ತಿ ತೆಗೆಯುತ್ತಾಳೆ.