ಬೀಗ ಹಾಕಿದ ಮನೆಗಳ ರಂಗೋಲಿ

ನಮ್ಮ ಮನೆಯವರು ಸೈನ್ಯದಿಂದ ಬಂದು ಹದಿನೈದು ವರ್ಷವಾಯಿತು. ಆದರೂ ಮಕ್ತಲ್‌ನ ನಮ್ಮ ಓಣಿ ಇವರಿಗೆ ಇನ್ನೂ ಗಡಿಯೇ. ಬೆಕ್ಕು ಗೋಡೆ ಹಾರಿದರೂ ಎದ್ದು ನಿಲ್ಲುತ್ತಾರೆ. ಕಳ್ಳರು ಬಂದರೆ ಸದ್ದಾಗಲಿ ಎಂದು ಹಿತ್ತಲ ಬಾಗಿಲಿಗೆ ದಾರ ಕಟ್ಟಿ ಖಾಲಿ ಡಬ್ಬಿ ತೂಗುಹಾಕಿದ್ದರು. ಅದಕ್ಕೆ ಸಿಕ್ಕಿಬಿದ್ದವಳು ನಾನೊಬ್ಬಳೇ, ಅದೂ ಕೈಯಲ್ಲಿ ಸಾರಿನ ಪಾತ್ರೆ ಹಿಡಿದಿದ್ದಾಗ.

ದಸರೆ ಮುಗಿಯಿತೆಂದರೆ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ. ಪುಣೆ, ಮುಂಬೈ ಅಂತ ಕಟ್ಟಡದ ಕೆಲಸಕ್ಕೆ ಗುಳೆ ಹೋದವರು ತಿರುಗಿ ಬರುವುದು ಯುಗಾದಿಗೇ. ಈ ಸಲ ಎದುರು ಮನೆಯಾಕೆ ಹೊರಡುವಾಗ ಅಳುಮುಖ ಮಾಡಿಕೊಂಡು ಬಂದಳು. ಯುಗಾದಿ ಆದಮೇಲೆ ಮಗಳ ಮದುವೆ. ಮದುವೆಯ ಸೀರೆ, ಹಿತ್ತಾಳೆ ಪಾತ್ರೆ, ಎಲ್ಲ ಒಳಗಿನ ಟ್ರಂಕಿನಲ್ಲಿ. ಹಿಂದಿನ ಓಣಿಯಲ್ಲಿ ಆಗಲೇ ಎರಡು ಮನೆಯ ಬೀಗ ಒಡೆದಿದ್ದರು.

"ಅಣ್ಣಾರ, ನೀವು ಯುದ್ಧ ನೋಡಿ ಬಂದವ್ರು. ನಿಮ್ಮ ಕೈಯಾಗ ಕೊಟ್ಟು ಹೊಂಟೀನ್ರಿ," ಎಂದು ಕೀಲಿ ಕೊಟ್ಟಳು. ನನ್ನ ಕೈಗಲ್ಲ, ಇವರ ಕೈಗೆ! ಇವರು ಮೀಸೆ ತಿರುವಿಕೊಂಡರು.

"ಹಿಮದ ಬೆಟ್ಟದಾಗ ಖಾಲಿ ಬಂಕರಿನೊಳಗ ಸ್ಟೋ ಹಚ್ಚಿ ಹೊಗಿ ಎಬ್ಬಿಸ್ತಿದ್ವಿ," ಎಂದು ನನಗೆ ಪಾಠ ಶುರುಮಾಡಿದರು. "ಅಲ್ಲಿ ಮಂದಿ ಅದಾರ ಅಂತ ದುಶ್ಮನ್‌ಗೆ ಅನಸಬೇಕು. ಕಳ್ಳ ಏನ್ ನೋಡ್ತಾನ? ಬಾಗಲ ಮುಂದ ರಂಗೋಲಿ ಐತೋ ಇಲ್ಲೋ ಅಂತ ನೋಡ್ತಾನ."

ಮಾತೇನೋ ಸರಿಯೇ. ಮರುದಿನ ಬೆಳಿಗ್ಗೆ ಬೀಗ ಹಾಕಿದ ಐದೂ ಮನೆಗಳ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿ, ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತು ತಾವೇ ರಂಗೋಲಿ ಎಳೆದರು. ನನ್ನನ್ನು ಹತ್ತಿರ ಬಿಡಲಿಲ್ಲ. ಜವಾಬ್ದಾರಿ ಅವರದಂತೆ.

ಹಾಲಿನಾಕಿ ಬಂದವಳು ಓಣಿಯ ಉದ್ದಕ್ಕೂ ಕಣ್ಣಾಡಿಸಿ ಸೊಂಟದ ಮೇಲೆ ಕೈಯಿಟ್ಟಳು. "ಐದೂ ಮನಿಗೂ ಕೂಡಿ ಒಬ್ಬಾಕೇ ಸೊಸಿ ಬಂದಾಳೇನ್ರೀ ಅಕ್ಕಾರ?"

ಅಯ್ಯೋ ದೇವರೇ! ಐದು ಬಾಗಿಲಿಗೂ ಅದೇ ಸೊಟ್ಟ ನಕ್ಷತ್ರ, ಟೇಪು ಹಿಡಿದು ಅಳೆದಂತೆ ನಟ್ಟನಡುವೆ. ಒಳಗೆ ಯಾರೂ ಇಲ್ಲ ಬಾರಪ್ಪಾ ಎಂದು ಕಳ್ಳನಿಗೆ ಬೋರ್ಡು ಬರೆದಿಟ್ಟ ಹಾಗಿತ್ತು. ರಂಗೋಲಿ ಡಬ್ಬಿ ಕಸಿದುಕೊಂಡೆ. ಎದುರು ಮನೆಯಾಕೆ ಕಮಲ ಬಿಟ್ಟು ಬೇರೆ ಹಾಕುವುದಿಲ್ಲ. ಮೂಲೆಮನೆ ಮುದುಕಿ ನಾಲ್ಕು ಗೆರೆ ಎಳೆದು ಕೈ ಝಾಡಿಸಿಬಿಡುತ್ತಾಳೆ. ಒಬ್ಬೊಬ್ಬರ ಕೈಯೂ ನನಗೆ ಗೊತ್ತು. ಯುಗಾದಿಯ ತನಕ ಅವರವರ ಹಾಗೇ ಹಾಕಿದೆ, ಸೊಂಟ ಹಿಡಿದುಕೊಂಡಿತು. ಇವರು ಹಿಂದೆ ನಿಂತು "ಸ್ವಲ್ಪ ಎಡಕ್ಕ, ಸ್ವಲ್ಪ ಬಲಕ್ಕ" ಎನ್ನುತ್ತಿದ್ದರು.

ಯುಗಾದಿಗೆ ಎದುರು ಮನೆಯಾಕೆ ಬಂದು ಟ್ರಂಕು ತೆರೆದಳು. ಒಂದು ಚಮಚವೂ ಹೋಗಿರಲಿಲ್ಲ. ಅಳುತ್ತಲೇ ಬಂದು ಕಾಲಿಗೆ ಬಿದ್ದಳು, ಅದೂ ಇವರ ಕಾಲಿಗೆ! ಇವರಾದರೂ ನನ್ನ ಹೆಸರೆತ್ತಿದರೇ? ಊಹೂಂ. ಆಕೆ ಅತ್ತ ಹೋದದ್ದೇ ನನ್ನ ಕಡೆ ತಿರುಗಿದರು.

"ನೋಡಿದ್ಯಾ? ದುಶ್ಮನ್‌ನ ಕಣ್ಣಿಗೆ ಮಣ್ಣೆರಚೋದು ಮನಿಯಾಗ ಕುಂತವ್ರಿಗೆ ತಿಳಿಯಂಗಿಲ್ಲ. ಯುದ್ಧಕ್ಕ ಹೋಗಬೇಕು."

ಸಿಟ್ಟು ನೆತ್ತಿಗೇರಿತು. "ನೀವು ಯುದ್ಧಕ್ಕ ಹೋದಾಗ ನಾರಾಯಣಪ್ಯಾಟ್ಯಾಗ ಬಾಡಗಿ ಮನ್ಯಾಗ ನಾ ಒಬ್ಬಾಕೇ ಇದ್ದೆ, ಹೊಟ್ಟ್ಯಾಗ ಕೂಸು. ಹೊಸಾ ಓಣಿ, ಗುರ್ತಿನವ್ರು ಯಾರೂ ಇಲ್ಲ. ದಿನಾ ಮುಂಜಾನೆ ನಿಮ್ಮ ಅಂಗಿ ಒಗದು ಬಾಗಲ ಮುಂದ ಒಣಗಾಕ ಹಾಕ್ತಿದ್ದೆ. ಒಳಗ ಗಂಡಸು ಅದಾನಂತ ಹೋಗಿ ಬರೋರಿಗೆ ಅನಸ್ಲಿ ಅಂತ. ಮೊದಲ ಸಲ ಒಗದಾಗ ನಿಮ್ಮ ವಾಸನಿ ಹೋತು. ಅವತ್ತು ಅತ್ತಷ್ಟು ನಾ ಎಂದೂ ಅತ್ತಿಲ್ಲ."

ಇವರು ಮೀಸೆಯ ಮೇಲಿನ ಕೈ ಕೆಳಗಿಳಿಸಿದರು. ಮೆಲ್ಲಗೆ ಕೇಳಿದರು, "ಯಾವ ಅಂಗಿ?"

"ನೀಲಿ ಚೌಕಡಿದು."

"ಅದು... ನಾ ಬಂದ ದಿನ..."

"ಹೂಂರಿ. ಹೊಸಾ ಅಂಗಿ ಹಾಳು ಮಾಡಿಟ್ಟಿ ಅಂತ ಬೈದಿದ್ರಿ."